ಹೊಂಗೆಯ ಕೆಳಗೆ ಕೂಗಿ ಓದುವವಳು

ನನ್ನ ರೂಮ್‌ಮೇಟ್ ಸಂಘಮಿತ್ರಾಳಿಗೆ ಗೋಡೆಗಳ ನಡುವೆ ಓದಿದ್ದು ತಲೆಗೆ ಹತ್ತುವುದಿಲ್ಲ. ಹಾಸ್ಟೆಲ್ ಮೇಜಿನ ಮುಂದೆ ಕೂತರೆ ಆಕಳಿಸುತ್ತಾಳೆ, ಲೈಬ್ರರಿಯಲ್ಲಿ ಬೆವರುತ್ತಾಳೆ. ಕಂಪ್ಲಿಯ ಗದ್ದೆಗಳಲ್ಲಿ ಅವ್ವ ದುರ್ಗಕ್ಕ ಹಾಡು ಹೇಳುತ್ತ ಭತ್ತ ನಾಟಿ ಮಾಡುವಾಗ ಬದುವಿನ ಜಾಲಿ ನೆರಳಲ್ಲಿ ಅಕ್ಷರ ಕಲಿತವಳು. ಎಂಎ ಮುಗಿದರೂ ಆ ಚಾಳಿ ಬಿಟ್ಟಿಲ್ಲ. ಹಾಸ್ಟೆಲ್ ಹಿಂದಿನ ಹೊಂಗೆ ತೋಪಿನ ಕಲ್ಲುಬೆಂಚೇ ಅವಳ ಓದುವ ಕೋಣೆ.

ಉಪನ್ಯಾಸಕರ ಅರ್ಹತಾ ಪರೀಕ್ಷೆಯಲ್ಲಿ ಎರಡು ಸಲ ಜಾರಿದ್ದಾಳೆ. ಮೂರನೆಯದು ಹತ್ತಿರ ಬಂದಾಗಲೇ ತೋಪಿನಾಚೆಯ ಗುಡ್ಡದಲ್ಲಿ ಸೀತಾಫಲ ಹಣ್ಣಾಯಿತು, ಹಣ್ಣಿಗೆ ಕರಡಿ ಇಳಿಯಿತು. ಬೆಂಚುಗಳು ಖಾಲಿಯಾದವು. ಇವಳೊಬ್ಬಳು ಏಳಲಿಲ್ಲ. ಬೈದು, ಬೇಡಿಕೊಂಡು ಸಾಕಾಗಿ ಕೊನೆಗೆ ದುರ್ಗಕ್ಕನಿಗೇ ಫೋನ್ ಹಚ್ಚಿದೆ.

“ಕೂಗಿ ಓದಂತ ಹೇಳವ್ವ,” ಅಂದಳು ಆಕೆ. “ಸಪ್ಪಳ ಮಾಡ್ಲಾರ್ದ ಎದುರಿಗೆ ಸಿಕ್ರ ಅದು ಗಾಬರಿಬಿದ್ದು ಪರಚತೈತಿ. ನಾವೂ ಗುಡ್ಡದ ಕಡೆ ಹ್ವಾದ್ರ ಜೋರಾಗಿ ಮಾತಾಡ್ಕೋತ ಹೋಗ್ತೀವಿ.”

ಚೆನ್ನಾಯಿತು! ಅವತ್ತಿನಿಂದ ಸಂಜೆಯಾದರೆ ತೋಪಿನಿಂದ ಸಮಾಜಶಾಸ್ತ್ರದ ಕೂಗು. ಅದೇ ಪರೀಕ್ಷೆಗೆಂದು ನನ್ನ ಪುಸ್ತಕವೂ ಕಿಟಕಿಯ ಬಳಿ ತೆರೆದೇ ಇರುತ್ತಿತ್ತು, ಕಿವಿ ಮಾತ್ರ ಅಲ್ಲಿ. ಹಾಳೆ ತಿರುಗಿಸಲು ಅವಳು ದನಿ ನಿಲ್ಲಿಸಿದರೂ ನಾನು ಎದ್ದು ನಿಲ್ಲುತ್ತಿದ್ದೆ. ಅವಳ ಪರೀಕ್ಷೆ ಹೇಗಾದರೂ ಆಗಲಿ, ನಾನು ಫೇಲಾಗುವುದಂತೂ ಗ್ಯಾರಂಟಿ ಅನ್ನಿಸಿತು.

ಮೊನ್ನೆ ದನಿ ನಿಂತುಬಿಟ್ಟಿತು. ಹಾಳೆ ತಿರುಗಿಸುವಷ್ಟು ಹೊತ್ತು ಕಾದೆ. ನೀರು ಕುಡಿಯುವಷ್ಟು ಹೊತ್ತು ಕಾದೆ. ಪೊದೆಯೊಳಗೆ ಏನೋ ಸರಿದಾಡಿದಂತೆ ಕೇಳಿಸಿತು. ಅವಳ ಹೆಸರು ಕಿರುಚುತ್ತ ಬರಿಗಾಲಲ್ಲೇ ಓಡಿದೆ.

ಸಂಘಮಿತ್ರಾ ಬೆಂಚಿನ ಮೇಲೇ ಇದ್ದಳು. ತೊಡೆಯ ಮೇಲೆ ಪುಸ್ತಕ, ಸಾಲಿನ ಮೇಲೆ ಬೆರಳು, ಮುಖದ ತುಂಬ ನಗು.

“ಎರಡು ಸಲ ಪರೀಕ್ಷ್ಯಾಗ ಈ ಪಾಠದಾಗ ಹೊಡ್ತ ತಿಂದಿದ್ದೆ ತುಳಸಿ. ಈಗ ತಿಳೀತು ನೋಡಲೇ! ಬಾಯಿ ಬಿಡೋದ ಮರ್ತಬಿಟ್ಟೆ.”

ಎರಡು ಬಾರಿಸುವಷ್ಟು ಸಿಟ್ಟು ಬಂತು. ಅಳುವೂ ಬಂತು. ಕೂಗಿ ಓದುವಾಗ ಇವಳ ತಲೆಗೆ ಏನೂ ಇಳಿಯುತ್ತಿರಲಿಲ್ಲ ಎಂಬುದು ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ. ಗದ್ದೆಯಲ್ಲೂ ಹಾಡು ಹೇಳುತ್ತಿದ್ದದ್ದು ಅವ್ವ, ಇವಳು ಸುಮ್ಮನೆ ಕೂತು ಓದಿದವಳು.

ಪಕ್ಕದಲ್ಲಿದ್ದ ಇನ್ನೊಂದು ಪುಸ್ತಕ ಎತ್ತಿಕೊಂಡು ಕೂತೆ.

“ನೀ ಸುಮ್ಮನ ಓದು. ಕೂಗೋದು ನಾ ಕೂಗ್ತೀನಿ.”

ಗುಡ್ಡದ ಕಡೆ ಮುಖ ಮಾಡಿ ಶುರುಮಾಡಿದೆ. ಕತ್ತಲಾಗುವವರೆಗೆ ನಿಲ್ಲಿಸಲಿಲ್ಲ.