ಬಿಸಿ ತಿಳಿಯದ ಬೆರಳು

ಚಿಕ್ಕಮ್ಮ ಹೋಟೆಲೊಂದರ ನೆಲಮಾಳಿಗೆಯಲ್ಲಿ ಇಸ್ತ್ರಿ ಮಾಡುತ್ತಾಳೆ. ಆ ಕೋಣೆಗೆ ಕಿಟಕಿಯಿಲ್ಲ. ಹಬೆ ಇದೆ, ಸೋಪಿನ ವಾಸನೆ ಇದೆ, ತಲೆಯ ಮೇಲೆ ಯಾರ್‍ಯಾರದೋ ಹೆಜ್ಜೆಯ ಸದ್ದಿದೆ. ಹಗಲು ಮಳೆ ಬಂದು ಹೋದದ್ದು ಅವಳಿಗೆ ತಿಳಿಯುವುದು ಸಂಜೆ, ಒದ್ದೆ ರಸ್ತೆಗೆ ಕಾಲಿಟ್ಟಾಗ.

ಗಂಡನನ್ನು ಬಿಟ್ಟು ನಮ್ಮ ಮನೆಗೆ ಬಂದಾಗಿನಿಂದ ಅವಳು ಆಸೆಪಟ್ಟದ್ದು ಮೇಲೆ ನೆಲ ಅಂತಸ್ತಿನಲ್ಲಿರುವ ಸ್ವಾಗತದ ಮೇಜಿನ ಕೆಲಸಕ್ಕೆ ಮಾತ್ರ. ಅದರೆದುರು ದೊಡ್ಡ ಗಾಜಿನ ಬಾಗಿಲು, ಬಾಗಿಲಾಚೆ ಬಿಸಿಲು. ಅಲ್ಲಿ ಒಂದು ಜಾಗ ಖಾಲಿಯಾದಾಗ ಮ್ಯಾನೇಜರು, "ಸೋಮವಾರ ಬಂದು ನಿಂತು ತೋರಿಸಿ, ನೋಡೋಣ. ಇದು ತಪ್ಪಿದ್ರೆ ಮತ್ತೆ ನನ್ನಿಂದಲೂ ಏನೂ ಮಾಡೋಕಾಗಲ್ಲ" ಎಂದಿದ್ದರು. ಆ ಮೇಜಿನವರ ಸಮವಸ್ತ್ರ ಮೊಣಕಾಲಿನವರೆಗಿನ ನೀಲಿ ಸ್ಕರ್ಟು. ಬೇರೆಯವರ ಆ ಸ್ಕರ್ಟುಗಳ ನೆರಿಗೆಗಳನ್ನು ಇಷ್ಟು ವರ್ಷ ಕೂರಿಸಿದವಳು ಅವಳೇ.

ಭಾನುವಾರ ಮಧ್ಯಾಹ್ನ ಕಾಲಿನ ಕೂದಲು ಕೀಳುವ ವ್ಯಾಕ್ಸಿನ ಡಬ್ಬಿ ಹಿಡಿದುಕೊಂಡು ಬಂದಳು. ಪಾರ್ಲರಿನಲ್ಲಿ ಯಾರ ಮುಂದೋ ಕಾಲು ಚಾಚಲು ಅವಳಿಗೆ ನಾಚಿಕೆ.

"ಹುಟ್ಟಿದಾಗಿಂದ ಜೊತೇಲೇ ಇರೋ ಕಾಲು, ಇವತ್ತೇನು ಹೊಸದಾಗಿ ಕಾಣಿಸ್ತಾ?" ಅಮ್ಮ ಕೇಳಿದಳು.

"ನಿಂಗೇನಕ್ಕ, ನಿನ್ನ ಮುಖ ನೋಡೋಕೇ ಭಾವ ಕನ್ನಡಕ ಹುಡುಕ್ತಾರೆ. ಇನ್ನು ಕಾಲು ಯಾರು ನೋಡ್ತಾರೆ?"

ಅಮ್ಮ ನಕ್ಕಳು. ಚಿಕ್ಕಮ್ಮನೂ ನಕ್ಕಳು. ಅವಳು ಹಾಗೆ ನಕ್ಕಿದ್ದು ಕಂಡು ಎಷ್ಟೋ ದಿನವಾಗಿತ್ತು.

ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟೆವು. ಜೇನಿನ ಬಣ್ಣದ ವ್ಯಾಕ್ಸ್ ನಿಧಾನ ಕರಗತೊಡಗಿತು. ನಾನು ಡಬ್ಬಿಯ ಮೇಲಿನ ಸೂಚನೆ ಓದಿದೆ. "ಮೊದಲು ಮಣಿಕಟ್ಟಿನ ಒಳಗಡೆ ಒಂದು ಹನಿ ಹಚ್ಚಿ ನೋಡ್ಬೇಕಂತೆ, ಚಿಕ್ಕಿ."

"ಬಿಸಿ ನೋಡೋದನ್ನ ನಂಗೆ ಹೇಳಿಕೊಡ್ತೀಯೇನೇ?"

ಇಸ್ತ್ರಿಪೆಟ್ಟಿಗೆಯ ತಳವನ್ನು ಒದ್ದೆ ಬೆರಳಿನಿಂದ ಚುರ್ರೆಂದು ಮುಟ್ಟಿಯೇ ರೇಷ್ಮೆಗೆಷ್ಟು ಕಾವು, ಹತ್ತಿಗೆಷ್ಟು ಎಂದು ಹೇಳುವವಳು ಅವಳು. ಇಷ್ಟು ವರ್ಷದ ಕಾವಿಗೆ ಜಡ್ಡುಗಟ್ಟಿದ ಅದೇ ಬೆರಳನ್ನು ಡಬ್ಬಿಯಲ್ಲಿ ಅದ್ದಿದಳು. "ಬೆಚ್ಚಗೂ ಇಲ್ಲ. ಇನ್ನೊಂಚೂರು ಕಾಯ್ಲಿ."

ಕಾಯಿಸಿದೆವು. ಮತ್ತೆ ಅದ್ದಿದಳು. "ಹ್ಞಾಂ, ಈಗ ಸರಿ."

ಅಳುಕಿಲ್ಲದ ಕೈ ಅವಳದು. ಮೊಣಕಾಲಿನಿಂದ ಹಿಮ್ಮಡಿಯ ತನಕ ಒಂದೇ ಎಳೆತಕ್ಕೆ ಬಳಿದಳು.

ಕಾಲು ಸುಟ್ಟಿತು. ಕುರ್ಚಿಯ ಅಂಚು ಹಿಡಿದು ಬೆರಳಿನ ಕಡೆ ನೋಡಿದಳು, ಅದು ಯಾರದೋ ಬೆರಳು ಎಂಬಂತೆ. ಅಮ್ಮ ತಣ್ಣೀರು ಸುರಿದಳು. ವ್ಯಾಕ್ಸ್ ಅಲ್ಲೇ ಬಿಗಿದುಕೊಂಡಿತು. ಆಸ್ಪತ್ರೆಯಲ್ಲಿ ಬಿಡಿಸಿದಾಗ ಕೂದಲಿನ ಜೊತೆ ಚರ್ಮವೂ ಬಂತು.

ಸೋಮವಾರ ಪಟ್ಟಿ ಸುತ್ತಿದ ಕಾಲಿನಲ್ಲೇ ಹೋದಳು. ಮ್ಯಾನೇಜರು ಕಾಲನ್ನು ನೋಡಿದರು, ಗಾಜಿನ ಬಾಗಿಲಿನತ್ತ ನೋಡಿದರು. "ಅತಿಥಿಗಳು ಬರೋ ಜಾಗ. ನೀವೇ ಯೋಚನೆ ಮಾಡಿ" ಎಂದರು. ಯೋಚನೆ ಮಾಡಲು ಏನೂ ಇರಲಿಲ್ಲ. ಮೆಟ್ಟಿಲಿಳಿದು ಇಸ್ತ್ರಿ ಹಚ್ಚಿದಳು. ಆ ವಾರ ಹೊಸ ಹುಡುಗಿಯೊಬ್ಬಳ ನೀಲಿ ಸ್ಕರ್ಟು ಕೆಳಗೆ ಬಂತು.

ಕಾಲಿನ ಗಾಯ ಮಾಯಿತು, ಕಲೆ ಹೋಗಲಿಲ್ಲ. ಮೇಜಿನ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಅಮ್ಮನ ಚೇಷ್ಟೆಗೆ ಎದುರು ಮಾತೂ ಇಲ್ಲ.

ನಿನ್ನೆ ಸಂಜೆ ಹಾಲಿನ ಲೋಟ ಎರಡೂ ಕೈಯಲ್ಲಿ ಹಿಡಿದು ನನ್ನ ಪಕ್ಕ ಕೂತಳು. ಲೋಟ ಮುಂದೆ ಚಾಚಿ, "ಬಿಸಿ ಇದೆಯೇನೇ, ನೋಡು" ಎಂದಳು.

ಮುಟ್ಟಿದವಳೇ ಕೈ ಹಿಂದೆಗೆದುಕೊಂಡೆ.

"ತುಂಬಾ ಇದೆ, ಚಿಕ್ಕಿ."

"ಹೌದಾ" ಎಂದು ಹಿಡಿದುಕೊಂಡೇ ಕೂತಳು.