ಗಾಳಿ ಎದುರಿಗಿದ್ದ ದಿನ

ಆಂಬುಲೆನ್ಸ್ ವಿಮಾನದ ಕಚೇರಿಯಲ್ಲಿ ಎಲ್ಲರೂ ಅವನನ್ನು ಸ್ಕೇಲಣ್ಣ ಎಂದೇ ಕರೆಯುತ್ತಿದ್ದರು. ಆಳು ಉದ್ದ, ಸಪೂರ. ಜೇಬಿನಲ್ಲಿ ಸದಾ ಒಂದು ಸ್ಕೇಲು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಕಂಪ್ಯೂಟರ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೇಳುತ್ತಿದ್ದರೂ, ಗೋಡೆಯ ನಕ್ಷೆಯ ಮೇಲೆ ತಾನೊಮ್ಮೆ ಅಳೆಯದೆ ಅವನಿಗೆ ಸಮಾಧಾನವಿಲ್ಲ. ರೋಗಿಯನ್ನು ಎಷ್ಟು ಹೊತ್ತಿನಲ್ಲಿ ತಲುಪಿಸಬಹುದೆಂದು ಹೇಳುವುದು ಅವನ ಕೆಲಸ. "ದೂರ ಬದಲಾಗಲ್ಲಪ್ಪ, ಹೊತ್ತು ಬದಲಾಗುತ್ತೆ. ಗಾಳಿ ಬೆನ್ನಿಗಿದ್ರೆ ನೆಂಟ, ಎದುರಿಗಿದ್ರೆ ದಾಯಾದಿ" ಎಂದು ಪೈಲಟ್‌ಗಳನ್ನು ನಗಿಸುತ್ತಿದ್ದ.

ಒಂದು ಮಧ್ಯಾಹ್ನ ಕಚೇರಿಯಿದ್ದ ಊರಿನದೇ ಆಸ್ಪತ್ರೆಯಿಂದ ಫೋನು ಬಂತು. ಮಾತಾಡಿದವನು ಒಡಹುಟ್ಟಿದ ತಮ್ಮ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಅವನಿಗೊಂದು ಹೆಣ್ಣುಮಗು ಹಿಂದಿನ ದಿನವಷ್ಟೇ ಹುಟ್ಟಿತ್ತು.

"ಅಣ್ಣಾ, ಕೂಸು ನೀಲಿಗಟ್ಟಿದೆ. ಹೃದಯದ ರಕ್ತನಾಳ ಅದಲುಬದಲಾಗಿದೆಯಂತೆ. ದೊಡ್ಡಾಸ್ಪತ್ರೆಗೇ ಹೋಗಬೇಕಂತೆ. ನಿಮ್ಮ ವಿಮಾನ ಹೊರಡಿಸೋ!"

ಫೋನು ಮಕ್ಕಳ ವೈದ್ಯೆಯ ಕೈಗೆ ಹೋಯಿತು. "ಇಲ್ಲಿನ ಯಂತ್ರ ಬಿಟ್ಟು ಎರಡು ಗಂಟೆ ಇರಬಹುದು. ಅದಕ್ಕಿಂತ ಹೆಚ್ಚು ಮಗು ತಡೆಯಲ್ಲ" ಎಂದರು ಆಕೆ.

ದೊಡ್ಡಾಸ್ಪತ್ರೆಯ ಊರಿಗೆ ಒಂಬೈನೂರು ಕಿಲೋಮೀಟರ್. ಉಳಿದ ದಿನವಾದರೆ ಅವರ ಪುಟ್ಟ ವಿಮಾನ ಎರಡು ಗಂಟೆಯೊಳಗೆ ಮುಟ್ಟಿಬಿಡುತ್ತಿತ್ತು. ಆದರೆ ಅಂದು ಎದುರುಗಾಳಿ ಹುಚ್ಚೆದ್ದಿತ್ತು. ಕಂಪ್ಯೂಟರ್ ಮೂರು ಗಂಟೆ ಎಂದಿತು. ಸ್ಕೇಲಣ್ಣ ನಕ್ಷೆಯ ಮೇಲೆ ಅಳೆದ, ಮತ್ತೆ ಅಳೆದ. ಒಂದು ಕೂದಲೆಳೆಯಷ್ಟಾದರೂ ದೂರ ಕಡಿಮೆಯಾಗಬಾರದೇ ಎಂದು ಜೀವ ಹಂಬಲಿಸುತ್ತಿತ್ತು.

"ಕೆಳಗೆ ಹಾರಿದ್ರೆ?" ಎಂದು ಪೈಲಟ್‌ನ ತೋಳು ಹಿಡಿದು ಕೇಳಿದ.

"ಕೆಳಗೆ ಗಾಳಿ ಕಡಿಮೆಯಿದ್ರೂ ವಿಮಾನವೇ ಇನ್ನೂ ನಿಧಾನ ಆಗುತ್ತೆ ಅಣ್ಣಾ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಫೋನೆತ್ತಿ, "ಆಗಲ್ಲ ಕಣೋ. ದಾರೀಲೇ ಕೈಬಿಟ್ಟು ಹೋಗ್ತಾಳೆ" ಎಂದ.

ತಮ್ಮ ಸಿಡಿದ. "ಊರವರ ಮಕ್ಕಳನ್ನೆಲ್ಲ ಸಾಗಿಸ್ತೀಯ, ನನ್ನ ಮಗಳಿಗೆ ಮಾತ್ರ ಗಾಳಿ ಅಡ್ಡ ಬಂತಾ? ನಾವು ಹೋಗೋಕಾಗ್ದಿದ್ರೆ ಅಲ್ಲಿನ ಹೃದಯದ ಡಾಕ್ಟರನ್ನೇ ಇಲ್ಲಿಗೆ ಕರೆಸು! ಏನಾದ್ರೂ ಮಾಡೋ!"

ಸ್ಕೇಲಣ್ಣ ಗಕ್ಕನೆ ನಿಂತ. ಅತ್ತಣಿಂದ ಬರುವವರಿಗೆ ಇದೇ ಗಾಳಿ ಬೆನ್ನಿಗಿತ್ತು. ಆ ಊರಿನಿಂದ ಸಂಜೆಯ ಪ್ರಯಾಣಿಕರ ವಿಮಾನ ಇನ್ನೂ ಹೊರಟಿರಲಿಲ್ಲ.

ದೊಡ್ಡಾಸ್ಪತ್ರೆಯ ಹೃದಯದ ವೈದ್ಯರು ಫೋನಿನಲ್ಲಿ ಸಿಕ್ಕರು. ಎಲ್ಲವನ್ನೂ ಕೇಳಿ, "ದೊಡ್ಡ ಆಪರೇಷನ್ ಅಲ್ಲಿ ಆಗಲ್ಲ. ಆದ್ರೆ ಬಲೂನಿಂದ ಹೃದಯದ ಒಳಗೋಡೇಲಿ ಒಂದು ಕಿಂಡಿ ಮಾಡಿದ್ರೆ ಕೆಲವು ದಿನ ತಡೀತಾಳೆ. ಸೀಟು ಇದೆಯಾ?" ಎಂದರು.

ಸೀಟಿರಲಿಲ್ಲ. ಸ್ಕೇಲಣ್ಣ ಆ ಊರಿನ ವಿಮಾನ ನಿಲ್ದಾಣದ ಅಧಿಕಾರಿಗೆ ಫೋನಿನಲ್ಲೇ ಗೋಗರೆದ, ಕೊನೆಗೆ ಅತ್ತೇಬಿಟ್ಟ. ಯಾರೋ ಹೆಂಗಸೊಬ್ಬಳು ತನ್ನ ಸೀಟು ಬಿಟ್ಟುಕೊಟ್ಟಳೆಂದು ಆಮೇಲೆ ತಿಳಿಯಿತು.

ವಿಮಾನ ಬೇಗನೇ ಇಳಿಯಿತು. ವೈದ್ಯರು ಕೈಯಿಟ್ಟಾಗ ಮಗುವಿನ ಹೃದಯ ಒಮ್ಮೆ ನಿಂತೇಹೋಗಿತ್ತಂತೆ. ಗಾಜಿನಾಚೆ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡದೆ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಬಾಣಂತಿಯೇ ಮೊದಲು ಗಮನಿಸಿದಳು: "ತುಟಿ ಕೆಂಪಾಯ್ತು, ನೋಡಿ."

ಗಾಳಿ ತಗ್ಗಿದ ಒಂದು ಬೆಳಿಗ್ಗೆ ಮಗುವನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಅಂದು ಹಾರಾಟದ ಹೊತ್ತಿನ ಲೆಕ್ಕವನ್ನು ಬೇರೆಯವರು ಹಾಕಿದರು. ಸ್ಕೇಲಣ್ಣ ದೊಡ್ಡಪ್ಪನಾಗಿ ಜೊತೆಗೆ ಹೋದ. ಆಪರೇಷನ್ ಆಯಿತು, ಮಗು ಉಳಿಯಿತು. ಅಂದಿನ ಮಾತಿಗೆ ತಮ್ಮ ಕ್ಷಮೆ ಕೇಳಲಿಲ್ಲ. ಕೇಳಲಿ ಎಂದು ಇವನಿಗೂ ಅನ್ನಿಸಲಿಲ್ಲ.