ಬಾಗಲಾ ಮುಂದ ಮಾಡು ಅಂದ್ನಿ, ಕೀಲಿ ಹಾಕು ಅನ್ನಲಿಲ್ಲ

ಬಾದಾಮಿ ಶಂಕ್ರಣ್ಣಾ, ಮೊಣಕಾಲು ಈಗ ಹೆಂಗದಾವು? ಕೆರೂರ ಗಂಗಕ್ಕಾ, ಬಿ.ಪಿ. ಗುಳಿಗಿ ಮರೀದಂಗ ತಗೊಳ್ಳಾಕತ್ತೀ ಹೌದಿಲ್ಲೋ? ಬಾಗಲಕೋಟಿ ಸುಮಾ, ಕೂಸಿನ ನೆಗಡಿ ಹೋತೇನು?

ನಾವು ಇಳಕಲ್ಲಾಗ ಆರಾಮ ಅದೀವಿ. ಅಂಗಡಿ ಸುದ್ದಿ ಒಬ್ಬೊಬ್ಬರು ಫೋನ್ ಮಾಡಿ ಒಂದೊಂದು ಥರಾ ಕೇಳೀರಿ, ಅದಕ್ಕ ಎಲ್ಲಾರಿಗೂ ಕೂಡೇ ಇಲ್ಲೇ ಬರೀತೇನಿ.

ಹೋದ ವಾರ ನಾ ಗಂಗಕ್ಕನ್ನ ನೋಡಾಕ ಕೆರೂರಿಗೆ ಹೋಗಿದ್ನಿ. ಅಂಗಡ್ಯಾಗ ಸೊಸಿ ವೀಣಾ ಒಬ್ಬಾಕಿನ ಇದ್ಲು.

ಮಂಡ್ಯಾ ಕಡೆ ಹುಡುಗಿ, ಮದಿವ್ಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ. ಆದ್ರ ಸೀರಿ ಸೆರಗಿಗೆ ಕುಚ್ಚು ಕಟ್ಟೂದು ನನಗಿಂತ ಚಂದ ಕಲ್ತಾಳ.

ಸಂಜಿಗೆ ಬಸ್ಸಿನ್ಯಾಗಿಂದ ಫೋನ್ ಮಾಡಿ, "ಹೊತ್ತಾತವಾ, ಬಾಗಲಾ ಮುಂದ ಮಾಡ್ಕೊಂಡು ಮನಿಗೆ ಬಾ" ಅಂದ್ನಿ. ನಾನೂ ಬಸ್ ಇಳದು ಸೀದಾ ಮನಿಗೆ ಬಂದ್ನಿ.

ಮರುದಿನ ಮುಂಜಾನೆ ಹೋಗಿ ನೋಡ್ತೇನಿ... ಶಟರ್ ಕೆಳಗೈತಿ. ಕೀಲಿ ಮಾತ್ರ ಬಾಯಿ ತಕ್ಕೊಂಡು ಕೊಂಡಿಗೆ ಜೋತಾಡಾಕತ್ತೈತಿ!

ಶಟರ್ ಎತ್ತಿ ಸೀರಿ ಎಣಿಸಾಕ ಕುಂತ್ನಿ. ನಮ್ಮದು ಸೀರಿ ಮಾರೂ ಅಂಗಡಿ ಅಲ್ಲ. ಕುಚ್ಚಿಗೆ, ಫಾಲಿಗೆ ಅಂತ ಮಂದಿ ನಂಬಿ ಕೊಟ್ಟು ಹೋದ ಸೀರಿ ಅವು.

ನಿಮಗ ಗೊತ್ತೈತಿ, ನಮ್ಮ ಅಂಗಡ್ಯಾಗ "ಕೀಲಿ ಹಾಕು" ಅನ್ನೂ ಮಾತು ಯಾರೂ ಆಡೂದಿಲ್ಲ. ಅಂಗಡಿಗೆ ಕೀಲಿ ಬಿತ್ತು ಅಂದ್ರ ವ್ಯಾಪಾರ ಮುಳುಗಿತು ಅಂತ. ಕೀಲಿ ಒತ್ತಿ, ಜಗ್ಗಿ ನೋಡಿ, ಆಮ್ಯಾಲೂ ನಾವು ಬಾಯಾಗ ಅನ್ನೂದು "ಬಾಗಲಾ ಮುಂದ ಮಾಡೇವಿ" ಅಂತನ.

ಆದ್ರ ಮಂಡ್ಯಾ ಹುಡುಗಿಗೆ ಇದು ಹೆಂಗ ಗೊತ್ತಾಗಬೇಕು?

"ಮುಂದೆ ಮಾಡು ಅಂದ್ರೆ ಸುಮ್ನೆ ಎಳೆಯೋದಲ್ವಾ ಅತ್ತೆ? ಬಸ್ ಸ್ಟ್ಯಾಂಡಿಂದ ಬರೋ ದಾರೀಲಿ ನೀವೇ ಬೀಗ ಹಾಕ್ತೀರ ಅಂದ್ಕೊಂಡೆ..." ಅಂತ ಅಳಾಕ ಶುರು ಮಾಡಿದ್ಲು.

ಒಳಗ ಒಂದು ಸೂಜಿ ಸೈತ ಹೋಗಿರಲಿಲ್ಲ. ಆದ್ರ ಬಾಜೂ ಚಾದಂಗಡಿ ಮಲ್ಲಪ್ಪ ಎಲ್ಲಾ ನೋಡಿದ್ದ. ಅವನ ಬಾಯಿಗೆ ಶಟರೂ ಇಲ್ಲ, ಕೀಲಿನೂ ಇಲ್ಲ.

ಮಧ್ಯಾಹ್ನಕ್ಕ ಗುಡೂರಿನ ಶಾಂತವ್ವ ಬಂದ್ಲು. "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ, ಮಗಳ ಧಾರಿ ಸೀರಿ ಐತಿ. ನಂಗ ನಿದ್ದಿ ಹತ್ತೂದಿಲ್ಲ" ಅಂದು, ಅರ್ಧ ಕುಚ್ಚು ಕಟ್ಟಿದ್ದ ಸೀರಿನ ಹಂಗಽ ಮಡಚಿ ಒಯ್ದ್ಲು. ಆಕಿ ಹಿಂದ ಮತ್ತಿಬ್ಬರು ಬಂದು ಒಯ್ದ್ರು.

ಅವತ್ತಽ ಶಂಕ್ರಣ್ಣನ ಫೋನು. ಸಾಕು ಮಾಡವಾ, ವಯಸ್ಸಾತು, ಮೊಬೈಲ್ ಅಂಗಡಿಯವ್ರು ಜಾಗಾ ಕೇಳಾಕತ್ತಾರ, ಕೊಟ್ಟುಬಿಡು ಅಂತ.

ಅಣ್ಣಾ, ನೀ ಅಕ್ಕರೀಲೇ ಅಂದಿ, ಖರೆ. ಆದ್ರ ಈಗ ಬಿಟ್ರ ಊರ ಮಂದಿ ಏನಂತಾರ ಹೇಳು? "ಸೊಸಿ ಬಂದ್ಲು, ಅಂಗಡಿ ಹೋತು." ಆ ಮಾತು ಆಕಿ ಬೆನ್ನಿಗೆ ಜೀವ ಇರೂಮಟಾ ಅಂಟ್ಕೋತೈತಿ.

ಅದನ್ನ ನಾ ಆಗಗೊಡೂದಿಲ್ಲ ಅಂತ ಗಟ್ಟಿ ಮಾಡಿದ್ನಿ.

ಹುನಗುಂದದಿಂದ ರಾಜಾಸಾಬನ್ನ ಕರಸಿದ್ನಿ. ಅಂಗಡಿ ಶಟರು, ಕೀಲಿ ಕೆಲಸ ಮಾಡಾಂವ. ಕೊಂಡಿ ಹಿಡದು ಅಲುಗಾಡಿಸಿ ಖೊಳ್ಳಂತ ನಕ್ಕ.

"ಏನ್ರಿ ಅಕ್ಕಾರ, ಸೆರಗಿಗೂ ಸೀರಿ ಮೈಗೂ ನೇಯ್ಗ್ಯಾಗ ಹಾಕೂ ಇಳಕಲ್ಲ ಕೊಂಡಿ ಅಂದ್ರ ಊರೂರು ಹೊಗಳ್ತಾವು. ನಿಮ್ಮ ಬಾಗಲ ಕೊಂಡಿ ಮಾತ್ರ ಕಳ್ಳರಿಗೆ ಬರ್ರಿ ಬರ್ರಿ ಅಂತೈತಿ!"

ನಾನೂ ನಕ್ನಿ. ನೋಡಿದ್ರ ಮಾತು ಖರೆ. ಕೀಲಿ ಏನೋ ದಪ್ಪಂದು, ಆದ್ರ ಕೊಂಡಿ ಸ್ಕ್ರೂ ಎಲ್ಲಾ ಹೊರಗಿನ ಮಗ್ಗಲಿಗೆ. ಕೀಲಿ ಮುರಿಯೂದೂ ಬ್ಯಾಡ, ಸ್ಕ್ರೂ ಬಿಚ್ಚಿದ್ರ ಆತು.

ಹಳೇ ಕೊಂಡಿ ತಗಸಿ, ಹೊಸಾದ್ದು ವೆಲ್ಡಿಂಗ್ ಮಾಡಿಸಿದ್ನಿ. ಶಟರ್ ಎರಡೂ ಮಗ್ಗಲಿಗೆ ನೆಲದ ಹಂತ್ಯಾಕ ಒಂದೊಂದು ಕೀಲಿ ಕೂಡಿಸಿದ್ವಿ. ಹಿಂದಿನ ತಗಡಿನ ಬಾಗಲಕ್ಕ ಒಳಗಿಂದ ಕಬ್ಬಿಣದ ಅಡ್ಡಪಟ್ಟಿ.

"ಕೀಲಿಕೈ ಎಷ್ಟು ಜೋಡಿ ಮಾಡ್ಲಿ?" ಅಂದ ರಾಜಾಸಾಬ.

"ಎರಡು. ನಂಗೊಂದು, ಈಕಿಗೊಂದು."

ವೀಣಾ ಕೈ ಹಿಂದ ಕಟ್ಕೊಂಡ್ಲು. "ನಂಗ್ ಬೇಡ ಅತ್ತೆ, ಮತ್ತೆ ಏನಾದ್ರೂ ಆದ್ರೆ..."

"ತಗೊಳ್ಳವಾ ತಂಗಿ" ಅಂದ ಅಂವ, "ಅತ್ತಿ ತಾನಾಗೇ ಕೀಲಿಕೈ ಕೊಡೂದು ನಾ ಇವತ್ತಽ ಮೊದಲ ನೋಡಾಕತ್ತೇನಿ. ಮನಸ್ಸು ಬದಲಾಗೂದರಾಗ ತಗೊಂಡುಬಿಡು!"

ಕೈ ಹಿಡದು ಎಳದು, ಆಕಿ ಮುಷ್ಟ್ಯಾಗ ನಾನ ಇಟ್ನಿ.

ಅವತ್ತು ಸಂಜಿಗೆ ನಡು ಬಜಾರದಾಗ ನಿಂತು ಗಟ್ಟಿ ದನಿಲೇ ಅಂದ್ನಿ... "ವೀಣಾ, ಕೀಲಿ ಹಾಕು!"

ಮಲ್ಲಪ್ಪನ ಕೈಯಾಗಿನ ಸೋಸಣಿಗಿ ಅಲ್ಲೇ ನಿಂತಿತು. "ಅಕ್ಕಾರ! ತುಂಬಿದ ಸಂಜ್ಯಾಗ ಎಂಥಾ ಮಾತ್ರಿ?"

"ನೀ ಚಾ ಸೋಸಪಾ" ಅಂದ್ನಿ.

ಶಟರಿನ ಆ ತುದಿಯಿಂದ ಈಕಿ ಕೂಗಿದ್ಲು, "ಬೀಗ ಹಾಕ್ದೆ ಅತ್ತೆ, ಎಳೆದೂ ನೋಡ್ದೆ!"

ಆಮ್ಯಾಲ ಇಬ್ಬರೂ ಕೂಡೇ ಗುಡೂರಿಗೆ ಹೋಗಿ, ಬಂದು ಬಾಗಲಾ ನೋಡ್ರಿ ಅಂತ ಶಾಂತವ್ವಗ ಹೇಳಿ ಬಂದ್ವಿ. ನಿನ್ನೆ ಬಂದ್ಲು. "ಹಾಕಿ ತೋರಸ್ರಿ" ಅಂದ್ಲು. ಶಟರ್ ಇಳಿಸಿ ಹಾಕಿದ್ವಿ. ತಾನ ಎರಡೂ ಕೈಲೇ ಜಗ್ಗಿದ್ಲು, ಕಾಲಿಲೇನೂ ಒಮ್ಮಿ ಒದ್ದು ನೋಡಿದ್ಲು.

ಆಮ್ಯಾಲ ಸೀರಿ ಗಂಟು ತಗದು ನನ್ನ ಮುಂದ ಇಡಲಿಲ್ಲ. ವೀಣಾನ ಮುಂದ ಇಟ್ಟು, "ಉಳದಿದ್ದು ನೀನಽ ಕಟ್ಟವಾ, ಲಗೂ ಬೇಕು" ಅಂದ್ಲು.

ಇನ್ನಿಬ್ಬರು ಬಂದಿಲ್ಲ. ಬರ್ಲಿಲ್ಲಂದ್ರ ಅವರ ಮನಿಗೂ ಹೋಗ್ತೇವಿ.

ಮೊಬೈಲ್ ಅಂಗಡಿಯವ್ರಿಗೆ ಜಾಗಾ ಇಲ್ಲ ಅಂತ ಹೇಳಿ ಕಳಿಸೇನಿ. ಶಂಕ್ರಣ್ಣಾ, ಸಿಟ್ಟಿಗೇಳಬ್ಯಾಡ.

ಬರೂ ಸೋಮವಾರ ನಿನ್ನ ಮನ್ಯಾಗ ನಾಕು ದಿನ ಇದ್ದು ಹೋಗಾಕ ಬರಬೇಕು ಅಂತ ಮಾಡೇನಿ. ಇಷ್ಟು ವರ್ಷದಾಗ ಅಂಗಡಿ ಬಿಟ್ಟು ಹಂಗ ಬಂದಾಕಿ ಅಲ್ಲ ನಾ. ಈ ಸಲ ನಾ ಇಲ್ಲಂದ್ರೂ ಅಂಗಡಿ ತೆರದಽ ಇರ್ತೈತಿ.

ಬರ್ಲೋ ಬ್ಯಾಡೋ... ಲಗೂನ ಎರಡು ಅಕ್ಷರ ಬರದು ತಿಳಸು.